ವಾಸ್ತುವಿನ್ಯಾಸ ಮತ್ತು ಕಲಾಭ್ಯಾಸ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪರಿಸರದ ಕೆಲವು ಐತಿಹಾಸಿಕ ನೆಲೆಗಳು

ಕರ್ನಾಟಕದ ವಾಸ್ತುಶಿಲ್ಪ ಮಹಾವಿದ್ಯಾಲಯಗಳಲ್ಲಿ ಐದು ವರ್ಷಗಳ, ಅಂದರೆ ಹತ್ತು ಸೆಮಿಸ್ಟರುಗಳ ವ್ಯಾಸಂಗ ಮಾಡುವ ವಿದ್ಯಾರ್ಥಿಯು ಯಾವುದಾದರೊಂದು ಹಂತದಲ್ಲಿ ಹಳೆಯ ಕಟ್ಟಡವೊಂದರ ಮುಂದೆ ಟೇಪು ಹಿಡಿದು ನಿಲ್ಲಬೇಕಾಗುತ್ತದೆ. ಕಂಬದಿಂದ ಕಂಬಕ್ಕಿರುವ ಅಂತರ, ಕಮಾನಿನ ಎತ್ತರ, ಗೋಡೆಯ ದಪ್ಪ ಇವುಗಳನ್ನು ಅಳೆದು ಹಾಳೆಗಿಳಿಸುವ ಈ ಅಭ್ಯಾಸವನ್ನು ಮಾಪನ ಚಿತ್ರಣವೆನ್ನಬಹುದು. ಪ್ರವೇಶ ಪರೀಕ್ಷೆಯಲ್ಲಿಯೂ ಚಿತ್ರರಚನೆಗೆ ಸ್ಥಾನವಿದೆ. ಕಲೆಯ ಅಭ್ಯಾಸವು ವಿನ್ಯಾಸಕಾರನಿಗೆ ಅಗತ್ಯವೆಂಬುದನ್ನು ಶಿಕ್ಷಣ ವ್ಯವಸ್ಥೆ ಹೀಗೆ ಒಪ್ಪಿಕೊಂಡಿದೆ. ಆದರೆ ಆ ಅಭ್ಯಾಸವು ವಿನ್ಯಾಸದ ಯಾವ ಘಟ್ಟದಲ್ಲಿ, ಯಾವ ಬಗೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಅಷ್ಟು ಸ್ಪಷ್ಟವಾಗಿಲ್ಲ. ಕಲೆಯೆಂದರೆ ಸಿದ್ಧವಾದ ನಕ್ಷೆಗೆ ಆಮೇಲೆ ತೊಡಿಸುವ ಅಲಂಕಾರವೆಂಬ ಭಾವನೆಯೇ ಬಹುಮಟ್ಟಿಗೆ ಪ್ರಚಲಿತವಾಗಿದೆ. ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ನಾಲ್ಕು ತಾಲ್ಲೂಕುಗಳ ಕಟ್ಟಡ ಇತಿಹಾಸವನ್ನೂ ಜನಪದ ಪರಂಪರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಇಲ್ಲಿ ಕೈಯ ಅಭ್ಯಾಸವು ನಕ್ಷೆಗಿಂತ ಮೊದಲೇ ಬರುತ್ತದೆ. ನೆಲವನ್ನು, ನೀರನ್ನು, ಕಲ್ಲನ್ನು ಓದುವ ವಿದ್ಯೆಯಾಗಿ ಅದು ವಿನ್ಯಾಸವನ್ನು ರೂಪಿಸುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟವು ಸಮುದ್ರಮಟ್ಟದಿಂದ 3,930 ಅಡಿ ಎತ್ತರದಲ್ಲಿದೆ. ಇಲ್ಲಿನ ಕೋಟೆಯ ಮೂಲವನ್ನು ಕುರಿತು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರು ದಾಖಲಿಸಿರುವ ಐತಿಹ್ಯವೊಂದು ವಿಚಾರಾರ್ಹವಾಗಿದೆ. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದ ಮೇಲಿಂದ ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಹಿಂತಿರುಗಿತು. ಅದರಿಂದ ಮೇಲೆ ನೀರಿನ ಸೆಲೆಯಿದೆಯೆಂದು ತಿಳಿದು, ಸ್ಥಳೀಯ ಪಾಳೆಯಗಾರನಾದ ರಾಜಾ ಹಿರೇಗೌಡನು ಅಲ್ಲಿ ಕೋಟೆ ಕಟ್ಟಿಸಿದನು ಎಂಬುದು ಅದರ ಸಾರ. ಮೊದಲು ಮಣ್ಣಿನದಾಗಿದ್ದ ಈ ಕೋಟೆಯು 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಮೈಸೂರಿನ ವಶವಾಯಿತು. ಹೈದರನ ಕಾಲದಲ್ಲಿ ಬಲಗೊಂಡಿತು. ಇತಿಹಾಸಕಾರರು ಇಂಥ ಐತಿಹ್ಯಗಳನ್ನು ಸಾಮಾನ್ಯವಾಗಿ ಪಕ್ಕಕ್ಕಿಟ್ಟು ಮುಂದೆ ಸಾಗುತ್ತಾರೆ. ಆದರೆ ಕಥೆಯು ಹೇಳುತ್ತಿರುವುದು ಕೋಟೆಯ ವಿನ್ಯಾಸ ಎಲ್ಲಿಂದ ಮೊದಲಾಯಿತು ಎಂಬುದನ್ನು. ಬಂಡೆಯ ಮೇಲೆ ಗೋಡೆ ಎಲ್ಲಿ ಬೇಕಾದರೂ ಕಟ್ಟಬಹುದು. ಮುತ್ತಿಗೆಯ ಕಾಲದಲ್ಲಿ ದೊಣೆಯ ನೀರು ಗೋಡೆಯ ಒಳಗಿರಬೇಕು. ಆ ಸಂಗತಿಯನ್ನು ಮೊದಲು ಓದಿದವನು ರಾಜನಲ್ಲ, ಸ್ಥಪತಿಯೂ ಅಲ್ಲ. ಒದ್ದೆಯಾದ ಉಣ್ಣೆಯನ್ನು ಕಂಡು ಅದರ ಅರ್ಥವನ್ನು ತಿಳಿದ ಕುರಿಗಾಹಿ.

ಇದೇ ಜಿಲ್ಲೆಯ ಕೈದಾಳದ ಜಕಣಾಚಾರಿಯ ಐತಿಹ್ಯದಲ್ಲಿಯೂ ತೇವವೇ ಸಾಕ್ಷಿಯಾಗುವುದು ಕುತೂಹಲಕರವಾಗಿದೆ. ಬೇಲೂರಿನಲ್ಲಿ ಮೂರ್ತಿಯೊಂದನ್ನು ಮುಗಿಸಿದ ಶಿಲ್ಪಿಗೆ, ಕಲ್ಲು ದೋಷಯುಕ್ತವೆಂದು ಅಪರಿಚಿತ ಯುವಕನೊಬ್ಬನು ಹೇಳುತ್ತಾನೆ. ಪರೀಕ್ಷಿಸಲು ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸುತ್ತಾರೆ. ಉಳಿದೆಡೆಯೆಲ್ಲ ಒಣಗಿ, ಹೊಕ್ಕುಳ ಸುತ್ತ ಮಾತ್ರ ಹಸಿ ಉಳಿಯುತ್ತದೆ. ಒಡೆದು ನೋಡಿದರೆ ಒಳಗೆ ನೀರೂ ಕಪ್ಪೆಯೂ. ಮಾತು ಕೊಟ್ಟಂತೆ ಶಿಲ್ಪಿ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ಯುವಕ ತನ್ನ ಮಗ ಡಂಕಣನೆಂಬುದು ಆಮೇಲೆ ತಿಳಿಯುತ್ತದೆ. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದ ಬಳಿಕ ಕೈ ಮರಳಿ ಬಂದುದರಿಂದ ಊರಿಗೆ ಕೈದಾಳವೆಂಬ ಹೆಸರು ಬಂದಿತೆಂದು ಜನ ನಂಬಿದ್ದಾರೆ. ಇತಿಹಾಸದ ದೃಷ್ಟಿಯಿಂದ ಇದಕ್ಕೆ ಆಧಾರವಿಲ್ಲ. ಕೈದಾಳದ ಚೆನ್ನಕೇಶವ ದೇವಾಲಯವು 12ನೆಯ ಶತಮಾನದ ನಡುಭಾಗದಲ್ಲಿ ಗುಳಿ ಬಾಚಿಯೆಂಬ ಸಾಮಂತನು ಕಟ್ಟಿಸಿದುದು. ಹೊಯ್ಸಳ ಶಿಲ್ಪಗಳ ಮೇಲೆ ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದವರ ಸಹಿಗಳು ಧಾರಾಳವಾಗಿ ದೊರೆಯುತ್ತವೆ. ಐತಿಹ್ಯದ ಜಕಣಾಚಾರಿ ಮಾತ್ರ ಜನರ ಬಾಯಲ್ಲಿಯೇ ಉಳಿದಿದ್ದಾನೆ. ಆದರೂ ಗುರು–ಶಿಷ್ಯರ ನಡುವಿನ ವಿನ್ಯಾಸ ವಿಮರ್ಶೆಯನ್ನು ಇಷ್ಟು ನಿಷ್ಠುರವಾಗಿ ಹೇಳುವ ಕಥೆ ಕನ್ನಡದಲ್ಲಿ ಇನ್ನೊಂದಿಲ್ಲವೆನ್ನಬೇಕು. ಮಗ ವಾದ ಮಾಡಿ ಗೆಲ್ಲುವುದಿಲ್ಲ. ಗಂಧ ಬಳಿದು, ಕಾದು, ಯಾವುದು ಒಣಗಲಿಲ್ಲವೆಂದು ತೋರಿಸುತ್ತಾನೆ.

ಇನ್ನು ದಿನನಿತ್ಯದ ಕಟ್ಟಡಗಳತ್ತ ಬರೋಣ. ಈ ಸೀಮೆಯ ಹಳ್ಳಿಗಳಲ್ಲಿ ಮನೆಯ ಗಾತ್ರವನ್ನು ಚದರಡಿಯಲ್ಲಿ ಹೇಳುವ ರೂಢಿ ತೀರ ಈಚಿನದು. ಮೂರಂಕಣದ ಮನೆ, ಐದಂಕಣದ ಮನೆ ಎಂಬುದೇ ಹಿಂದಿನ ಮಾತು. ಎರಡು ತೊಲೆಗಳ ನಡುವಿನ ಅವಕಾಶವೇ ಅಂಕಣ. ಸಿಕ್ಕುವ ಮರದ ಉದ್ದ, ಅದು ಹೊರಬಲ್ಲ ಮಾಳಿಗೆ ಮಣ್ಣಿನ ಭಾರ, ಇಲ್ಲವೇ ಮೇಲೆ ಹೊದಿಸುವ ಚಪ್ಪಡಿಯ ಅಳತೆ ಇವುಗಳಿಂದ ಅಂಕಣದ ಅಗಲ ತಾನಾಗಿಯೇ ನಿರ್ಧಾರವಾಗುತ್ತಿತ್ತು. ಮಳೆ ಕಡಿಮೆಯಿರುವ ಪಾವಗಡದ ಕಡೆ ಮಣ್ಣಿನ ಮಾಳಿಗೆ ಸಾಕಾಗುತ್ತಿತ್ತು. ಬಂಡೆ ಹೇರಳವಾಗಿರುವ ಮಧುಗಿರಿ, ಕೊರಟಗೆರೆಗಳ ಕಡೆ ಕಲ್ಲುಚಪ್ಪಡಿಯ ಬಳಕೆ ಸಹಜವಾಗಿ ಬಂದಿತು. ಅಂಕಣವು ಹೀಗೆ ಅಳತೆಯೂ ಹೌದು, ವಸ್ತುವಿನ ಗುಣವೂ ಹೌದು, ಕುಟುಂಬದ ಅಂತಸ್ತಿನ ಮಾತೂ ಹೌದು. ಹಾಳೆಯ ಮೇಲೆ ಇವು ಮೂರೂ ಬೇರೆ ಬೇರೆಯಾಗಿಬಿಡುತ್ತವೆ.

ಮನೆಗೆ ದಾರ ಹಿಡಿಯುವ ಕ್ರಮವನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಮೂರು–ನಾಲ್ಕು–ಐದರ ಲೆಕ್ಕದಿಂದ ಮೂಲೆ ಕೂಡಿಸಿ, ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಾನೆ. ಅದೇ ಮನೆ ಎದ್ದುನಿಂತ ಮೇಲೆ ಹೆಣ್ಣುಮಗಳು ಪ್ರತಿದಿನ ಮುಂಜಾನೆ ಅಂಗಳ ಸಾರಿಸಿ, ಚುಕ್ಕಿಯಿಟ್ಟು, ಬಿಳಿಯ ಪುಡಿಯಿಂದಲೇ ಎಳೆ ಎಳೆಯುತ್ತಾಳೆ. ಎರಡೂ ನೆಲದ ಮೇಲೆ, ನಿಜವಾದ ಅಳತೆಯಲ್ಲಿ, ಬಾಗಿದ ಮೈಯಿಂದ ಬರೆದ ಚಿತ್ರಗಳು. ರಂಗೋಲಿಯ ಹರವನ್ನು ಹೊಸ್ತಿಲ ಅಗಲ ಮತ್ತು ತೋಳಿನ ಚಾಚು ನಿರ್ಣಯಿಸುತ್ತವೆ. ಚುಕ್ಕಿಯ ಲೆಕ್ಕ ತಪ್ಪಿದರೆ ಅಳಿಸಲು ಹೋಗದೆ, ಮುಂದಿನ ಎಳೆಯಲ್ಲಿ ಅದನ್ನು ಸರಿತೂಗಿಸುವ ಜಾಣ್ಮೆಯನ್ನು ಎಳೆಯ ಹುಡುಗಿಯರು ತಾಯಂದಿರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಮೇಸ್ತ್ರಿಯ ಕೈಕೆಳಗಿನ ಹುಡುಗನೂ ಕಲಿಯುವುದು ಹೀಗೆಯೇ. ಮೊದಲು ಗಾರೆಯ ಹದ ಮಾಡುತ್ತಾನೆ. ಆಮೇಲೆ ಕರಣೆ ಹಿಡಿಯುತ್ತಾನೆ. ತೂಕದ ಗುಂಡು ಇಳಿಬಿಟ್ಟು ಗೋಡೆ ನೋಡುವ ಹಕ್ಕು ಅವನಿಗೆ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಅವನ ಕಣ್ಣು ಗುಂಡಿಗಿಂತ ಮೊದಲೇ ಓರೆಯನ್ನು ಕಂಡಿರುತ್ತದೆ. ಕಾಲೇಜಿನ ವಿನ್ಯಾಸ ಶಾಲೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಗೋಡೆಯನ್ನು ಬರೆದು ಎಷ್ಟೋ ಕಾಲವಾದ ಮೇಲೆ ವಿದ್ಯಾರ್ಥಿ ಗಾರೆಯನ್ನು ಮುಟ್ಟುತ್ತಾನೆ.

ನಕ್ಷೆಯಿಲ್ಲದೆ ವಿನ್ಯಾಸವು ಎಷ್ಟು ದೂರ ಪ್ರಯಾಣ ಮಾಡಬಲ್ಲುದು ಎಂಬುದಕ್ಕೆ ಶಿರಾದ ಇತಿಹಾಸಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ರತ್ನಗಿರಿಯ ರಂಗಪ್ಪ ನಾಯಕನು ಆರಂಭಿಸಿದ ಕೋಟೆಯು ಮುಗಿಯುವ ಮುನ್ನವೇ, 1638ರ ಸುಮಾರಿಗೆ, ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕೈಸೇರಿತು. ಮುಂದೆ ಬಿಜಾಪುರದ ಅಧಿಕಾರಿಯಾಗಿ ಇಲ್ಲಿದ್ದ ಮಲಿಕ್ ರಿಹಾನನ ಗೋರಿಯು 1651ರದು. 1687ರಲ್ಲಿ ಮೊಗಲರು ಈ ಭಾಗವನ್ನು ಗೆದ್ದು ಶಿರಾವನ್ನು ತುಂಗಭದ್ರೆಯ ದಕ್ಷಿಣದ ಸುಬಾದ ರಾಜಧಾನಿಯನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಇದಕ್ಕೆ ಸೇರಿದ್ದವು. ಜುಮ್ಮಾ ಮಸೀದಿಯು 1696ರಲ್ಲಿ ಕಟ್ಟಲ್ಪಟ್ಟಿತು.

ಮಲಿಕ್ ರಿಹಾನನ ಗೋರಿಯನ್ನು ಆದಿಲ್‌ಶಾಹಿ ಶೈಲಿಯದೆಂದು ಗುರುತಿಸಿ ಸುಮ್ಮನಾಗುವುದು ವಾಡಿಕೆ. ಆದರೆ ಬಿಜಾಪುರದ ಕಟ್ಟಡಗಳು ಕಪ್ಪು ಛಾಯೆಯ ಬಸಾಲ್ಟ್ ಶಿಲೆಯ ನಾಡಿನವು. ಶಿರಾದ ಸುತ್ತ ಇರುವುದು ಗ್ರಾನೈಟು. ಈ ಕಲ್ಲನ್ನು ಎಬ್ಬಿಸುವ ವಿದ್ಯೆಯೇ ಬೇರೆ. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಬಿಡಿಸುವುದು, ಸಾಲಾಗಿ ಕುಳಿ ತೋಡಿ ಬೆಣೆ ಬಡಿದು ಸೀಳುವುದು, ಬಡಿದಾಗ ಬರುವ ಸದ್ದಿನಿಂದ ಒಳಗಿನ ಬಿರುಕನ್ನು ತಿಳಿಯುವುದು, ಇವೆಲ್ಲ ಕಲ್ಲುಕೆಲಸದ ವಡ್ಡರು ತಲೆಮಾರುಗಳಿಂದ ರೂಢಿಸಿಕೊಂಡು ಬಂದ ಪರಿಣತಿಗಳು. ಬಿಜಾಪುರದಿಂದ ಗುಮ್ಮಟದ ಕಲ್ಪನೆ ಬಂದಿರಬಹುದು. ಅದನ್ನು ಈ ಕಲ್ಲಿನಲ್ಲಿ ಎಷ್ಟು ಸೂಕ್ಷ್ಮವಾಗಿ ಕೊರೆಯಬಹುದು, ಎಲ್ಲಿ ಬಿಡಬೇಕು ಎಂಬ ತೀರ್ಮಾನ ಸ್ಥಳೀಯ ಕೈಗಳಲ್ಲಿಯೇ ಆಗಬೇಕಿತ್ತು. ಶೈಲಿಯೆಂದು ಪಠ್ಯಪುಸ್ತಕಗಳು ಕರೆಯುವ ವಸ್ತುವಿನ ಅರ್ಧಭಾಗ ಇಂಥ ತೀರ್ಮಾನಗಳಿಂದಲೇ ಆದುದು.

ಶಿರಾದ ಉಚ್ಛ್ರಾಯ ಕಾಲವು 18ನೆಯ ಶತಮಾನದ ದಿಲಾವರ್ ಖಾನನ ಆಡಳಿತದ್ದು. ಆಗ ಪಟ್ಟಣದಲ್ಲಿ 50,000 ಮನೆಗಳಿದ್ದುವೆಂದು ಗ್ಯಾಸೆಟಿಯರಿನಲ್ಲಿ ಹೇಳಿಕೆಯಿದೆ. ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ದಿಲಾವರ್ ಖಾನನು ಕಟ್ಟಿಸಿದ ಅರಮನೆಯ ಸೊಬಗು ಎಷ್ಟಿತ್ತೆಂದರೆ, ಹೈದರ್ ಮತ್ತು ಟಿಪ್ಪು ಬೆಂಗಳೂರು ಹಾಗೂ ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅದನ್ನೇ ಮಾದರಿಯನ್ನಾಗಿ ಇಟ್ಟುಕೊಂಡರೆಂದು ಅದೇ ಗ್ರಂಥ ದಾಖಲಿಸುತ್ತದೆ. ಶಿರಾದ ಖಾನ್ ಬಾಗ್ ಉದ್ಯಾನವು ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂಬ ಊಹೆಯೂ ಇದೆ. ಮಾದರಿಯಾದ ಅರಮನೆ ಇಂದು ಇಲ್ಲ. ಮರ, ಮಣ್ಣು, ಗಾರೆಗಳಂಥ ಬಾಳಿಕೆ ಬಾರದ ಸಾಮಗ್ರಿಯಿಂದಾದ ಅದು ಅಳಿದುಹೋಯಿತು. 1781ರಲ್ಲಿ ಹೈದರನು ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ ಬೆಂಗಳೂರಿನ ಅರಮನೆ ಉಳಿದಿದೆ. ಕಲ್ಲಿನ ಪೀಠಗಳ ಮೇಲೆ ನಿಂತ ಎತ್ತರವಾದ ತೇಗದ ಕಂಬಗಳು, ಅವುಗಳ ನಡುವೆ ದಳದಳವಾಗಿ ಬಾಗಿದ ಕಮಾನುಗಳು, ಮೇಲಂತಸ್ತಿನ ದರ್ಬಾರಿನ ಮೊಗಸಾಲೆಗಳು, ಮೂಲೆಯ ಕೋಣೆಗಳು ಇವನ್ನು ನೋಡುವವರು ಶಿರಾದ ಕಳೆದುಹೋದ ಕಟ್ಟಡವೊಂದರ ನೆರಳನ್ನು ನೋಡುತ್ತಿದ್ದಾರೆ ಎನ್ನಬಹುದು. ವಿದ್ಯಾರ್ಥಿಗಳು ಬೆಂಗಳೂರಿನಲ್ಲಿ ಈ ಕಟ್ಟಡವನ್ನು ಅಳೆಯುವಾಗ ಶಿರಾದ ಹೆಸರು ಕೇಳಿಬರುವುದು ಅಪರೂಪ.

ಮಾದರಿಯ ಆಯ್ಕೆಯಲ್ಲಿ ರಾಜಕಾರಣವಿತ್ತೆಂಬುದೂ ನಿಜ. 1761ರಲ್ಲಿ ಬಸಾಲತ್ ಜಂಗನು ಹೈದರನಿಗೆ ಶಿರಾದ ನವಾಬಗಿರಿಯನ್ನು ಕೊಟ್ಟನು. ಶಿರಾದ ಅರಮನೆಯಂತೆ ಕಟ್ಟಿಸುವುದೆಂದರೆ ಆ ಸುಬಾದ ಒಡೆತನಕ್ಕೆ ತಾನು ಹಕ್ಕುದಾರನೆಂದು ಎಲ್ಲರೂ ಕಾಣುವಂತೆ ಸಾರುವುದೇ ಆಗಿತ್ತು. ಆದರೆ ಸುಲ್ತಾನನ ಇಚ್ಛೆಯಿಂದಲೇ ಕಂಬವೊಂದು ಏಳುವುದಿಲ್ಲ. ಆ ಅರಮನೆಯನ್ನು ಬಲ್ಲ ಬಡಗಿ, ಅಲ್ಲಿ ಗಾರೆ ಅರೆದ ಕೈ, ಅಲ್ಲಿ ಬಣ್ಣ ಬಳಿದ ಚಿತ್ರಗಾರ, ಇಲ್ಲವೇ ಅವರಿಂದ ಕಲಿತವರು ಇಲ್ಲದೆ ಅಂಥ ಅನುಕರಣೆ ಸಾಧ್ಯವೆ? ಹಾಳೆಯ ನಕ್ಷೆಗಿಂತ ಕೆಲಸಗಾರನ ಸ್ಮೃತಿಯೇ ಮಾದರಿಯನ್ನು ಹೊತ್ತು ನಡೆಯಿತೆಂದು ತಿಳಿಯುವುದು ಹೆಚ್ಚು ಸಮಂಜಸ.

ಇಲ್ಲಿಯೇ ಶಿರಾದ ಇತಿಹಾಸದ ಅತ್ಯಂತ ನೋವಿನ ಪುಟವೂ ತೆರೆಯುತ್ತದೆ. ಶ್ರೀರಂಗಪಟ್ಟಣದ ಹೊಸ ಪೇಟೆಯಾದ ಗಂಜಾಮಿಗೆ ಜನವಸತಿ ಒದಗಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗ್ಯಾಸೆಟಿಯರು ತಿಳಿಸುತ್ತದೆ. ಅದಕ್ಕೆ ಮುಂಚೆಯೇ 1757ರಿಂದ ಮರಾಠರ ಮತ್ತು ಮೈಸೂರಿನವರ ನಡುವೆ ಕೈಯಿಂದ ಕೈಗೆ ಹೋಗಿ ಪಟ್ಟಣ ಜರ್ಝರಿತವಾಗಿತ್ತು. ಟಿಪ್ಪುವಿನ ಬಗೆಗಿನ ಇಂದಿನ ವಾಗ್ವಾದಗಳಲ್ಲಿ ಈ ಸಂಖ್ಯೆಯನ್ನು ಒಂದು ಕಡೆಯವರು ಹಿಡಿದೆತ್ತುತ್ತಾರೆ, ಇನ್ನೊಂದು ಕಡೆಯವರು ಮರೆಯುತ್ತಾರೆ. ಸಾಗಿಹೋದ ಜನ ಯಾವ ಕಸುಬಿನವರು, ಅವರೊಡನೆ ಏನೇನು ಹೋಯಿತು ಎಂದು ಕೇಳುವವರು ವಿರಳ. ಒಂದು ಪಟ್ಟಣದ ಅಷ್ಟು ಮನೆಗಳು ಖಾಲಿಯಾದರೆ ಕಸುಬುಗಳ ಗುರು–ಶಿಷ್ಯ ಸರಪಳಿ ಅಲ್ಲಿ ಕಡಿಯದೆ ಇರುವುದಿಲ್ಲ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಧುಗಿರಿ, ಶಿರಾಗಳ ಮೂಲಕ ಹಾದುಹೋದಾಗ ಶಿರಾದ ವೈಭವ ಆಗಲೇ ಹಿಂದಿನ ಮಾತಾಗಿತ್ತು. ಮುಂದಿನ ಕಾಲದಲ್ಲಿ ಇಲ್ಲಿ ಗೋರಿ, ಮಸೀದಿಗಳಿಗೆ ಸರಿಗಟ್ಟುವ ಕಟ್ಟಡ ಏಳಲಿಲ್ಲ. ಅರಸೊತ್ತಿಗೆ ಹೋದುದು ಇದಕ್ಕೆ ಕಾರಣವೆಂದು ಹೇಳುವುದುಂಟು. ಕೈಗಳು ಹೋದುದೂ ಅಷ್ಟೇ ಮುಖ್ಯವಾದ ಕಾರಣವೆಂದು ಪರಿಗಣಿಸಬೇಕು.

ಹೀಗೆ ಕಲೆಯನ್ನೇ ಕಿತ್ತೊಯ್ಯುವುದು ಈ ಸೀಮೆಗೆ ಹೊಸದೇನೂ ಅಲ್ಲ. ಪಾವಗಡವನ್ನು ಜಿಲ್ಲೆಯ ಉಳಿದ ತಾಲ್ಲೂಕುಗಳಿಂದ ಬೇರ್ಪಡಿಸಿರುವ ಆಂಧ್ರದ ಮಡಕಶಿರಾ ಭಾಗದಲ್ಲಿ ಇಂದಿನ ಹೇಮಾವತಿ, ಹಿಂದಿನ ಹೆಂಜೇರು, ಇದೆ. ನೊಳಂಬರ ರಾಜಧಾನಿಯಾಗಿದ್ದ ಅಲ್ಲಿಂದ ಕೆತ್ತನೆಯ ಕಂಬಗಳನ್ನು ಚೋಳರು ಹೊತ್ತೊಯ್ದರು. ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲಿ ಅವು ಇಂದಿಗೂ ಇವೆ. ನೊಳಂಬ ಶಿಲ್ಪಿಗಳ ಜಾಲಂಧ್ರಗಳು, ಅಂದರೆ ಬೆಳಕು ಸೋಸುವ ಕಲ್ಲಿನ ಕಿಟಕಿಗಳು, ಪ್ರಸಿದ್ಧವಾದುವು. ಇದೇ ಗಡಿಸೀಮೆಯಲ್ಲಿ ಕಿಳ್ಳೇಕ್ಯಾತರ ತೊಗಲುಗೊಂಬೆಯಾಟ ಬದುಕಿಬಂದಿದೆ. ಗೊಂಬೆಯ ಚರ್ಮದಲ್ಲಿ ಉಳಿಯಿಂದ ಸಣ್ಣ ರಂಧ್ರಗಳನ್ನು ಹೊಡೆಯುವವನು ಚರ್ಮವನ್ನು ನೋಡಿ ಹೊಡೆಯುವುದಿಲ್ಲ. ದೀಪದ ಮುಂದೆ ಹಿಡಿದಾಗ ಪರದೆಯ ಮೇಲೆ ಒಡವೆಯ ಹೊಳಪಾಗಿ ಯಾವುದು ಕಾಣಬೇಕೆಂಬುದನ್ನು ಮನಸ್ಸಿನಲ್ಲಿಟ್ಟು ಹೊಡೆಯುತ್ತಾನೆ. ಸಾವಿರ ವರ್ಷಗಳ ಅಂತರದ ಈ ಎರಡು ಕಲೆಗಳ ನಡುವೆ ನೇರ ಸಂಬಂಧ ಕಲ್ಪಿಸುವುದು ಸಾಹಸವಾದೀತು. ಆದರೆ ಒಳಗೆ ಬೀಳುವ ಬೆಳಕನ್ನು ಕುರಿತು ಯೋಚಿಸಿ ಹೊರಗಿನ ಮೇಲ್ಮೈಯನ್ನು ಕೊರೆಯುವ ಮನೋಧರ್ಮ ಎರಡರಲ್ಲಿಯೂ ಒಂದೇ. ಕಿಟಕಿಯನ್ನು ಬರಿಯ ಚೌಕವಾಗಿ ಬರೆಯುವ ವಿದ್ಯಾರ್ಥಿಯು ಒಂದು ರಾತ್ರಿ ಪರದೆಯ ಹಿಂಬದಿಯಲ್ಲಿ ಕುಳಿತರೆ ಕಲಿಯಬಹುದಾದುದು ಬಹಳಷ್ಟಿದೆ.

ಕೊನೆಯದಾಗಿ ಕಾಡುಗೊಲ್ಲರ ಹಟ್ಟಿಗಳನ್ನು ಗಮನಿಸಬೇಕು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನು ಈ ಸಮುದಾಯದ ಸಾಂಸ್ಕೃತಿಕ ವೀರ. ಉದ್ದನೆಯ ಬಿದಿರಿನ ಗಣೆಯ ನಾದದೊಡನೆ ಅವನ ಕಾವ್ಯವನ್ನು ಹಾಡುತ್ತಾರೆ. ಮುಳ್ಳುಬೇಲಿಯೊಳಗೆ ಮನೆಗಳು, ದನಕುರಿಗಳ ರೊಪ್ಪ, ದೇವರ ಗುಡಿ ಒಂದನ್ನೊಂದು ನೆಚ್ಚಿಕೊಂಡಿರುವ ಹಟ್ಟಿಯ ರಚನೆಯನ್ನು ಯಾವ ನಕ್ಷೆಗಾರನೂ ಬರೆದುದಲ್ಲ. ಆಚರಣೆ ಮತ್ತು ಹಾಡುಗಳೇ ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿವೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ದೇವರಿಗೆ ಮುಳ್ಳಿನದೇ ಗುಡಿ ಕಟ್ಟಿ, ಅದರ ಮೇಲೇರಿ ಕಳಸ ತೆಗೆಯುವ ಯುವಕರು ಬರಿಗಾಲಿನವರು. ಗುಡಿ ಜಾತ್ರೆಯೊಡನೆ ಮುಗಿಯುತ್ತದೆ, ಅದನ್ನು ಕಟ್ಟುವ ವಿದ್ಯೆ ಮುಗಿಯುವುದಿಲ್ಲ. ಬಾಳಿಕೆಯನ್ನೇ ಕಟ್ಟಡದ ದೊಡ್ಡ ಗುಣವೆಂದು ಕಲಿತವರಿಗೆ ಇದು ಅಚ್ಚರಿಯಾಗಿ ಕಂಡೀತು.

ಹಟ್ಟಿಯ ವಿನ್ಯಾಸವನ್ನು ಹೊಗಳುವ ಬರಹಗಳು ಬೇಲಿಯ ಹೊರಗಿನ ಗುಡಿಸಲಿನ ಬಗೆಗೆ ಮೌನವಾಗಿರುತ್ತವೆ. ಮುಟ್ಟಾದ ಹೆಣ್ಣುಮಕ್ಕಳು ಮತ್ತು ಬಾಣಂತಿಯರು ಹಟ್ಟಿಯಿಂದಾಚೆ ಉಳಿಯಬೇಕೆಂಬ ಕಟ್ಟಳೆಯೂ ಅದೇ ಆಚರಣೆಯ ಭಾಗ. ಅಂಗಳದಲ್ಲಿ ಎಳೆ ಎಳೆಯುವ ಕೈಯೇ ಆ ದಿನಗಳಲ್ಲಿ ಹೊರಗಿರುತ್ತದೆ. ಇದಕ್ಕೆ ಪರಿಹಾರವೆಂಬಂತೆ ಹಲವು ಗೊಲ್ಲರಹಟ್ಟಿಗಳಲ್ಲಿ ಸರ್ಕಾರದ ವತಿಯಿಂದ ಕೃಷ್ಣಕುಟೀರಗಳೆಂಬ ಗಟ್ಟಿ ಕಟ್ಟಡಗಳನ್ನು ಕಟ್ಟಲಾಯಿತು. ಮಹಿಳೆಯರನ್ನು ಹೀಗೆ ಪ್ರತ್ಯೇಕಿಸುವುದನ್ನು ನಿಷೇಧಿಸುವ, ಅಮಾನವೀಯ ದುಷ್ಟ ಪದ್ಧತಿಗಳನ್ನು ಕುರಿತ 2017ರ ಅಧಿನಿಯಮವು 2020ರಲ್ಲಿ ಜಾರಿಗೆ ಬಂದಿತು. ಆದರೂ 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿ, ತಾಯಿಯೊಡನೆ ಮಳೆ ಚಳಿಗೆ ಸಿಕ್ಕ ಹಸುಗೂಸೊಂದು ತೀರಿಕೊಂಡಿತು.

ಕೃಷ್ಣಕುಟೀರವನ್ನು ಮಾಪನ ಚಿತ್ರಣಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಯೊಬ್ಬನಿದ್ದರೆ, ಅವನ ಹಾಳೆಯಲ್ಲಿ ಗೋಡೆ, ಬಾಗಿಲು, ಬೆಳಕಿಂಡಿಗಳ ಅಳತೆ ಸರಿಯಾಗಿಯೇ ಬರುತ್ತದೆ. ಆ ಕಟ್ಟಡದಿಂದ ಹಟ್ಟಿಯ ಬೇಲಿಗೆ ಎಷ್ಟು ಹೆಜ್ಜೆ ಎಂಬುದನ್ನು ಮಾತ್ರ ಅವನು ನಡೆದೇ ಎಣಿಸಬೇಕಾಗುತ್ತದೆ. ಆ ಹೆಜ್ಜೆಗಳನ್ನು ಮಗುವನ್ನೆತ್ತಿಕೊಂಡು ನಡೆದವರ ಪಕ್ಕದಲ್ಲಿ ಕುಳಿತು ಅವರ ಮಾತನ್ನೂ ಹಾಡನ್ನೂ ಕೇಳಬೇಕಾಗುತ್ತದೆ.